ಬ್ಯಾಡಗಿ ಬಸ್ಸಿನ ಬುತ್ತಿ, ಹಾವೇರಿ ರೂಮಿನ ಒಲೆ

ಬ್ಯಾಡಗಿ
೫ ಜುಲೈ ೨೦೨೫

ಚಿರಂಜೀವಿ ಕರೆವ್ವಗ,

ಆಶೀರ್ವಾದ ಮ್ಯಾಲಿನ ಡಬ್ಬ್ಯಾಗ ಐತಿ, ಬದ್ನಿಕಾಯಿ ಪಲ್ಯ ಕೆಳಗಿನ ಡಬ್ಬ್ಯಾಗ. ಮೊದಲ ಪಲ್ಯ ತಿನ್ನು. ಆಶೀರ್ವಾದ ಕೆಡೂದಿಲ್ಲ, ಪಲ್ಯ ಕೆಡತೈತಿ.

ನನಗ ಫೋನ್ ಮಾಡಬ್ಯಾಡ. ಫೋನ್ ಹಿಡದ್ರ ಕಿವ್ಯಾಗಿನ ಮಷೀನು ಸೀಟಿ ಹೊಡಿತೈತಿ. ಮೊನ್ನೆ ನಿಮ್ಮವ್ವ ಅದನ್ನ ಕುಕ್ಕರ್ ಸೀಟಿ ಅಂತ ತಿಳದು ಓಡಿ ಹೋಗಿ ಒಲಿ ಆರಿಸಿ ಬಂದ್ಳು. ಎಲ್ಲಾರೂ ಬೇಯದ ಬ್ಯಾಳಿ ಉಂಡ್ವಿ. ಅದಕ್ಕ ಏನಿದ್ರೂ ಹಾಳಿ ಮ್ಯಾಲೆ ಬರದು, ಖಾಲಿ ಡಬ್ಬ್ಯಾಗ ಇಟ್ಟು, ಸಂಜಿ ಬಸ್ಸಿಗೆ ಹಾಕು. ಕಂಡಕ್ಟರ್ ಜಾಕೀರ್‌ಗ ಹೇಳೇನಿ. ಅಂವ ಕೇಳಿದ, "ಯಜ್ಜಾ, ಚೀಲದಾಗ ಏನೈತಿ?" ನಾ ಅಂದೆ, "ಮೇವು." "ಯಾರಿಗೆ?" "ನನ್ನ ಮೊಮ್ಮಗಳು ಎಂ.ಎ. ಓದಾಕತ್ತಾಳ." ಎಂ.ಎ. ಅನ್ನೂದನ್ನ ನೀನೂ ಒಮ್ಮೆ ಲಗೂ ಲಗೂ ಅಂದು ನೋಡು, ಕೊಟಗ್ಯಾಗ ಎಮ್ಮೆ ಕಟ್ಟಿದ್ದು ಕಾಣ್ತೈತಿ. ಅದರಾಗೂ ಅರ್ಥಶಾಸ್ತ್ರ! ನನಗಂತೂ ಅರ್ಥ ಆಗದ ಶಾಸ್ತ್ರ.

ಈಗ ಗುಟ್ಟಿನ ಮಾತು. ಈ ಬುತ್ತಿ ನಿಮ್ಮಪ್ಪ ಶಶಿಕಾಂತಗ ಗೊತ್ತಿಲ್ಲ. ಅಂವ ಪಡಸಾಲ್ಯಾಗ ಕುಂತು ಹಾಕಿದ ಕರಾರು ನೀ ಮರತಿರಾಕಿಲ್ಲ. "ಹಾಸ್ಟೆಲ್ ಸಿಗಲಿಲ್ಲ, ರೂಮ್ ಮಾಡ್ತೀನಿ ಅಂದಿ. ಮಾಡು. ಆದ್ರ ಕೈಯಾರೆ ಅಡಿಗಿ ಮಾಡ್ಕೊಂಡು ಉಣ್ಣಬೇಕು. ಮನಿಯಿಂದ ಬಸ್ಸಿಗೆ ಬುತ್ತಿ ಹಾಕೂದಾದ್ರ ರೂಮ್ ಯಾಕ ಬೇಕು? ಪಂಚಮಿ ತನಕ ನೋಡ್ತೀನಿ. ಆಗಲಿಲ್ಲಂದ್ರ ಸಾಮಾನ ಕಟ್ಟು, ದಿನಾ ಇಲ್ಲಿಂದ ಬಸ್ಸಿಗೆ ಓಡಾಡು." ಓಡಾಡೂದು ಅಂದ್ರ ಸಂಜಿ ಲೈಬ್ರರಿಗೆ ಕಲ್ಲು ಬಿತ್ತು. ಬಸ್ಸಿನ್ಯಾಗ ನಿಂತು ನಿಂತು ಕಾಲು ಪಾಸಾಗ್ತಾವು, ನೀ ಫೇಲ್ ಆಗ್ತಿ. ಅವತ್ತ ನೀ ಹಿತ್ತಲದಾಗ ನಿಂತು ಕಣ್ಣೊರಸ್ಕೊಂಡಿದ್ದು ನಾ ನೋಡೇನಿ. ಕಿವಿ ಹೋಗ್ಯಾವು, ಕಣ್ಣು ಇನ್ನೂ ಅದಾವು.

ಅದಕ್ಕ ನಾನೂ ನಿಮ್ಮವ್ವನೂ ಕೂಡಿ ಈ ಕಳ್ಳದಂಧೆ ಶುರು ಮಾಡೇವಿ. ನಿನಗ ಅಡಿಗಿ ಕೈಗೆ ಹತ್ತೂತನ ಬುತ್ತಿ ಬರ್ತೈತಿ. ಅಡಿಗಿ ಬರೂತನ ಅಡಗಿಸಿ ಕಳಸೂದು.

ಗೋಣಿಚೀಲದಾಗ ಭಾಂಡೆ ಅದಾವು. ಹೊಸಾವು ಯಾಕ ಅಂತ ನಾನ ಬೀಗರ ಮನಿ ತಿರಗಿ ಎತ್ಕೊಂಡು ಬಂದೇನಿ. ಕುಕ್ಕರ್ ರಾಣೆಬೆನ್ನೂರಿನ ನಿರ್ಮಲಾ ಅತ್ತಿದು, ತಾಟು ಮೋಟೆಬೆನ್ನೂರಿನ ಕೊಟ್ರೇಶಿ ಮಾವಂದು. ಎರಡು ಬೆನ್ನೂರು ಓಡಾಡಿ ನನ್ನ ಬೆನ್ನ ಊರು ಬಿಟ್ಟೈತಿ. ಎಲ್ಲಾದ್ರ ಮ್ಯಾಲೂ ಮದವ್ಯಾಗ ಮುಯ್ಯಿ ಮಾಡಿದವರ ಹೆಸರು ಕೊರದಾರ. ಸಾಮಾನದ ಡಬ್ಬಿಗೋಳ ಮ್ಯಾಲೆ ನಾ ಚೀಟಿ ಹಚ್ಚೇನಿ. ನನ್ನ ಅಕ್ಷರದ ಮ್ಯಾಲೆ ನಂಬಿಕಿ ಇಡು.

ಹಾಲಸಿದ್ದಪ್ಪಜ್ಜ
(ಹಾಲು ಕುಡದಾಗೈತಿ, ಸಿದ್ದ ಆಗೂದು ಬಾಕಿ ಐತಿ)

*

ಹಾವೇರಿ
೮ ಜುಲೈ ೨೦೨೫

ಅಜ್ಜನಿಗೆ ಕರೆವ್ವನ ನಮಸ್ಕಾರ.

ಬಸ್ಸಿನ ಕುಲುಕಾಟದಲ್ಲಿ ಆಶೀರ್ವಾದಕ್ಕೆ ಪಲ್ಯದ ಎಣ್ಣೆ ಹತ್ತಿ ಅರ್ಧ ಪತ್ರ ಓದಲಿಕ್ಕೆ ಬರಲಿಲ್ಲ. ಓದಿದ ಅರ್ಧಕ್ಕೇ ಬೇನಜೀರ ನಕ್ಕು ನಕ್ಕು ಗೋಡೆಗೆ ಒರಗಿದ್ದಾಳೆ.

ಬೇನಜೀರ ಎಂದರೆ ನನ್ನ ರೂಮಿನ ಜೊತೆಗಾರ್ತಿ, ಗುತ್ತಲದವಳು, ನನ್ನದೇ ತರಗತಿ. ಅವಳ ಮನೆಯವರು ಎರಡು ಬರ್ನರಿನ ಒಲೆಯನ್ನೂ ಸಣ್ಣ ಸಿಲಿಂಡರನ್ನೂ ತಂದುಕೊಟ್ಟಿದ್ದಾರೆ. "ಜೋಡಿ ಇದ್ರ ಇರು, ಒಬ್ಬಾಕಿನ ಇರೂದಾದ್ರ ಊರಿಗೆ ಬಾ" ಎಂದು ಅವಳ ತಂದೆ ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದಾರೆ. ಹಾಗಾಗಿ ಅಪ್ಪಾಜಿ ನನ್ನ ಸಾಮಾನು ಕಟ್ಟಿಸಿದರೆ ಅವಳ ಸಾಮಾನೂ ಕಟ್ಟಿದ ಹಾಗೆಯೇ.

ನಮ್ಮ ರೂಮು ಮಾಳಿಗೆಯ ಮೇಲಿದೆ. ಕೆಳಗೆ ಮನೆಯ ಒಡತಿ ಪುಷ್ಪಲತಾ ಅಕ್ಕೋರು ಇರುತ್ತಾರೆ. ಅಡುಗೆಮನೆ ಎಂದರೆ ಕಿಟಕಿಯ ಕೆಳಗಿನ ಒಂದು ಕಡಪಾ ಕಲ್ಲು, ಅದರ ಪಕ್ಕದ ಗೂಡು, ಒಂದು ನಲ್ಲಿ, ಅಷ್ಟೇ. ಆದರೂ ಅಜ್ಜಾ, ಭಾಂಡೆಗಳನ್ನೆಲ್ಲ ತೊಳೆದು ಗೂಡಿನಲ್ಲಿ ಜೋಡಿಸಿ ನಿಂತು ನೋಡಿದಾಗ ಎದೆ ಉಬ್ಬಿತು. ನನ್ನದು ಎಂದು ಹೇಳಿಕೊಳ್ಳುವ ಗೂಡು ಇದೇ ಮೊದಲು. ಅದರಲ್ಲಿರುವ ಹೆಸರುಗಳು ಮಾತ್ರ ಊರಿನವರದು. ಬೇನಜೀರ ಮಲ್ಲೇಶಪ್ಪನವರ ತಾಟಿನಲ್ಲಿ ಉಣ್ಣುತ್ತಾಳೆ, ನಾನು ಕೊಟ್ರೇಶಿ ಮಾವನ ತಾಟಿನಲ್ಲಿ. ನಿನ್ನೆ ಅವಳು, "ಲೇ, ಮಲ್ಲೇಶಪ್ಪ ಯಾರ? ಇವತ್ತ ಅವನ ಮ್ಯಾಲೆ ಮೊಸರು ಚೆಲ್ಲೇನಿ, ಕ್ಷಮಾ ಕೇಳಬೇಕು" ಎಂದಳು.

ಇನ್ನು ನಿನ್ನ ಚೀಟಿಗಳು. 'ಸಕ್ಕರೆ' ಎಂದು ಬರೆದ ಡಬ್ಬಿಯಿಂದ ಎರಡು ಚಮಚ ಹಾಕಿ ಮೊದಲ ಚಹಾ ಮಾಡಿದೆ. ಅಕ್ಕೋರಿಗೂ ಒಂದು ಕಪ್ಪು ಕೊಟ್ಟೆ. ಅವರು ಒಂದು ಗುಟುಕು ಕುಡಿದು, "ನಿಮ್ಮ ಕಡೆ ಚಹಾಕ್ಕ ಉಪ್ಪು ಹಾಕ್ತೀರೇನವಾ?" ಎಂದರು. 'ಉಪ್ಪು' ತೆಗೆದರೆ ರವೆ, 'ರವೆ' ತೆಗೆದರೆ ಸಾಸಿವೆ. ಅಜ್ಜಾ, ನಿನಗೆ ಎಂಬತ್ತು ಆಯಿತೋ ಎಂಟೋ?

ಕರೆವ್ವ

*

ಹಾವೇರಿ
೧೫ ಜುಲೈ ೨೦೨೫

ಅಜ್ಜನಿಗೆ ನಮಸ್ಕಾರ.

ಇವತ್ತು ಹೆಚ್ಚು ಬರೆಯಲಿಕ್ಕೆ ಸಮಯವಿಲ್ಲ. ಶುಕ್ರವಾರ ನಾವೇ ಅಡುಗೆ ಮಾಡಿದೆವು. ಅದರ ವಾಸನೆ ಕೆಳಗಿನವರೆಗೂ ಹೋಗಿ ಪುಷ್ಪಲತಾ ಅಕ್ಕೋರು ತಾವಾಗಿಯೇ ಮೇಲೆ ಹತ್ತಿ ಬಂದರು. ಎದುರುಮನೆಯವರೂ ಹೊರಗೆ ಬಂದು ನಿಂತಿದ್ದರು. ಓಣಿಯಲ್ಲಿ ಈಗಲೂ ನಮ್ಮ ಅಡುಗೆಯದೇ ಮಾತು.

ಬುತ್ತಿ ಉಳಿದುಬಿಡುತ್ತದೆ. ಆದರೂ ಕಳಿಸುವುದನ್ನು ನಿಲ್ಲಿಸಬೇಡ, ಅವ್ವನಿಗೆ ಬೇಜಾರಾದೀತು. ರೊಟ್ಟಿ ಎರಡು ಹೆಚ್ಚೇ ಇಡಲಿ.

ಕರೆವ್ವ

*

ಬ್ಯಾಡಗಿ
೧೬ ಜುಲೈ ೨೦೨೫

ಚಿರಂಜೀವಿ ಸುಳ್ಳವ್ವಗ,

ನಿನ್ನ ಕಾಗದ ಓದಿ ನಾ ಕುಣದೆ. ಕೋಲು ಹಿಡಕೊಂಡು ಮೆಣಸಿನಕಾಯಿ ಪೇಟಿ ತನಕ ಹೋಗಿ, ನನ್ನ ಹಳೇ ದೋಸ್ತ ರಹಿಮಾನಸಾಬನ ಮುಂದ ಡಂಗುರ ಹೊಡದೆ, "ನನ್ನ ಮೊಮ್ಮಗಳ ಅಡಿಗಿ ವಾಸನಿಗೆ ಹಾವೇರಿ ಓಣಿ ಮಂದಿ ಹೊರಗ ಬಂದು ನಿಂತಾರ!" ಅಂವ ಎರಡು ಸಲ ಮಾಶಾಲ್ಲಾ ಅಂದ.

ಮನಿಗೆ ಬಂದ್ರ ನಿಮ್ಮವ್ವ ನಿನ್ನ ಡಬ್ಬಿ ಹಿಡಕೊಂಡು ನಿಂತಿದ್ಳು. "ಮಾವಾರ, ಇದರಾಗ ತೊಳಿಯೂದೇನ ಉಳದೈತ್ರಿ? ಬೆಕ್ಕ ನೆಕ್ಕಿದಂಗ ಐತಿ. ಚಟ್ನಿ ಹಿಂಡಿ ಕಟ್ಟಿದ ಹಾಳೀನೂ ನೆಕ್ಕ್ಯಾರ." ನಾನೂ ನೋಡಿದೆ. ಡಬ್ಬ್ಯಾಗ ನನ್ನ ಮಾರಿ ಕಾಣಸ್ತು. ಬುತ್ತಿ ಉಳದವರ ಡಬ್ಬಿ ಹಿಂಗ ಕನ್ನಡಿ ಆಗಿರ್ತೈತೇನ?

ಕರೆವ್ವಾ, ಗ್ಯಾಸು ಒಲ್ಯಾಗ ಬಿಡಬೇಕು, ಕಾಗದದಾಗ ಬಿಡಬಾರದು. ಆ ಶುಕ್ರವಾರ ಓಣಿ ಮಂದಿ ಯಾಕ ಹೊರಗ ಬಂದ್ರು? ಖರೇ ಹೇಳು. ನಾ ನಿಮ್ಮಪ್ಪಗ ಹೇಳಂಗಿಲ್ಲ. ನಿಮ್ಮವ್ವಗೂ ಹೇಳಂಗಿಲ್ಲ, ಆಕಿ ಈಗ ನನ್ನ ಹೆಗಲ ಮ್ಯಾಲಿಂದ ಬಗ್ಗಿ ಓದಾಕತ್ತಾಳ.

ಅಜ್ಜ

*

ಹಾವೇರಿ
೧೭ ಜುಲೈ ೨೦೨೫

ಅಜ್ಜನಿಗೂ, ಹೆಗಲ ಮೇಲಿಂದ ಓದುತ್ತಿರುವ ಅವ್ವನಿಗೂ ನಮಸ್ಕಾರ.

ನಾನು ಬರೆದದ್ದರಲ್ಲಿ ಒಂದೂ ಸುಳ್ಳಿಲ್ಲ. ಅಕ್ಕೋರು ಮೇಲೆ ಬಂದದ್ದು ನಿಜ. ಮೂಗಿಗೆ ಸೆರಗು ಹಿಡಿದು ಬಂದರು.

ನಮ್ಮ ಮನೆಯಲ್ಲಿ ಅವ್ವ ಸಾರಿಗೆ ಖಾರದ ಪುಡಿಯನ್ನು ಹಿಡಿಗಟ್ಟಲೆ ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನಗೆ ಗೊತ್ತಿರುವ ಅಳತೆ ಅದೊಂದೇ. ಅವತ್ತು ಬೇನಜೀರಳ ಅಮ್ಮ ಗುತ್ತಲದಿಂದ ಕಳಿಸಿದ್ದ ಖಾರದ ಪುಡಿ ಇತ್ತು. ಎಣ್ಣೆ ಕಾದಿತ್ತು. ಒಂದು ಹಿಡಿ ತುಂಬಿ ಹಾಕಿದೆ. ಬೇನಜೀರ "ಏಯ್, ಏಯ್!" ಎಂದಳು. ಅಷ್ಟರಲ್ಲಿ ರೂಮಿನಲ್ಲಿ ಗಾಳಿಯೇ ಇಲ್ಲದ ಹಾಗಾಯಿತು. ಅವಳು ಕಿಟಕಿ ತೆರೆದಳು, ಘಾಟು ಓಣಿಗೆ ಹೋಯಿತು. ನಾನು ಬಾಗಿಲು ತೆರೆದೆ, ಕೆಳಗಿನ ಮನೆಗೆ ಇಳಿಯಿತು. ಎದುರುಮನೆಯ ರಸೂಲಬಿ ಅಮ್ಮ ಹೊರಗೆ ಬಂದು ಕೆಮ್ಮುತ್ತಲೇ, "ಯಾರ ಮನ್ಯಾಗ ಏನ ಸುಡಾಕತ್ತೈತವಾ?" ಎಂದು ಕೂಗಿದರು.

ಅಕ್ಕೋರು ಮೇಲೆ ಬಂದರು. "ಏನ್ರವಾ, ಮನಿ ಖಾಲಿ ಮಾಡಸ್ಬೇಕಂತ ಮಾಡೀರೇನ? ಬಾಡಿಗಿಯವರನ್ನ ಮನಿ ಮಾಲಕರು ಬಿಡಸ್ತಾರ, ನೀವು ಮನಿ ಮಾಲಕರನ್ನ ಬಿಡಸಾಕತ್ತೀರಿ! ಇನ್ನೊಮ್ಮೆ ಈ ಒಲಿ ಹತ್ತಿದ್ರ ನಾಳಿಗೆ ನಿಮ್ಮ ರೂಮಿಗೆ ಕೀಲಿ."

ಅಂದಿನಿಂದ ಒಲೆ ಹಚ್ಚಿಲ್ಲ. ನಿನ್ನ ಬುತ್ತಿಯೇ ನಮ್ಮಿಬ್ಬರ ಜೀವ. ಪಂಚಮಿ ಹತ್ತಿರ ಬಂತು. ಅಪ್ಪಾಜಿ ಬಂದು ನೋಡಿದರೆ ತಣ್ಣಗಿನ ಒಲೆ ಕಾಣುತ್ತದೆ. ಏನು ಮಾಡಲಿ ಹೇಳು. ನಗಬೇಡ.

ಕರೆವ್ವ

*

ಬ್ಯಾಡಗಿ
೧೯ ಜುಲೈ ೨೦೨೫

ಕರೆವ್ವಾ,

ನಗಬ್ಯಾಡ ಅಂದಿ, ಅದಕ್ಕ ಹಿತ್ತಲಕ್ಕ ಹೋಗಿ ನಕ್ಕು ಬಂದೇನಿ.

ಹುಚ್ಚಿ, ಮೆಣಸಿನಕಾಯಿ ಪೇಟ್ಯಾಗ ಜೀವಾ ತೇದವನ ಮೊಮ್ಮಗಳು ನೀನು! ನಮ್ಮ ಬ್ಯಾಡಗಿ ಕಾಯಿ ನಮ್ಮಂಗ. ಮಾರಿ ಕೆಂಪ, ಸಿಟ್ಟಿಲ್ಲ. ಹಿಡಿಗಟ್ಟಲೆ ಹಾಕಿದ್ರ ಸಾರು ಕೆಂಪಾಗ್ತೈತಿ, ನಾಲಿಗಿ ಆಗಂಗಿಲ್ಲ. ಗುತ್ತಲದಾಕಿ ಕಳಸಿದ ಪುಡಿ ಬ್ಯಾರೆ ಜಾತಿ ಕಾಯಿಂದು, ಅದು ಬೆಂಕಿ. ಅದನ್ನ ಚಿಟಿಕಿ ಹಾಕಬೇಕು. ಬ್ಯಾಡಗಿಯವರ ಬಿಟ್ರ ಈ ಭೂಮಿ ಮ್ಯಾಲೆ ಯಾರೂ ಮುಟಗಿ ತುಂಬ ಖಾರ ಹಾಕಂಗಿಲ್ಲ.

ಇದರ ಜೋಡಿ ನಮ್ಮ ಪುಡಿ ಒಂದು ಗಂಟು ಕಳಿಸೇನಿ. ಪುಷ್ಪಲತಾ ಬಾಯಾರನ್ನ ಕರಿ, ಖುರ್ಚಿ ಹಾಕಿ ಕುಂದ್ರಸು, ಅವರ ಕಣ್ಣಮುಂದ ಒಂದು ಹಿಡಿ ಎಣ್ಣಿಗೆ ಹಾಕು. ಅವರು ಒಂದು ಸಲ ಕೆಮ್ಮಿದ್ರೂ ಹಾಲಸಿದ್ದಪ್ಪ ಬಂದು ಅವರ ಅಂಗಳ ಉಡಗ್ತಾನಂತ ಹೇಳು.

ನಿನ್ನ ಜೋಡಿಗಾರ್ತಿ ಬೇನಜೀರಿಗಿಗೆ ನನ್ನ ಸಲಾಮು. ಹೆಸರಿನ್ಯಾಗ ಜೀರಿಗಿ ಇಟ್ಕೊಂಡು ಒಗ್ಗರಣಿಗೆ ಹೆದರೂದು ಚೊಲೋ ಅಲ್ಲ.

ಬುತ್ತಿ ಚಿಂತಿ ಬಿಡು. ಸೋಮವಾರದಿಂದ ಹೊಸ ನಮೂನಿ ಬುತ್ತಿ ಬರ್ತೈತಿ. ಇಂಥಾದ್ದನ್ನ ನೀ ಉಂಡಿಲ್ಲ.

ಅಜ್ಜ

*

ಹಾವೇರಿ
೨೫ ಜುಲೈ ೨೦೨೫

ಮೋಸಗಾರ ಅಜ್ಜನಿಗೆ,

ಸೋಮವಾರ ಡಬ್ಬಿ ತೆಗೆದರೆ ರೊಟ್ಟಿ ಇತ್ತು, ಪಲ್ಯವೂ ಇತ್ತು. ಪಲ್ಯಕ್ಕೆ ಉಪ್ಪಿಲ್ಲ, ಒಗ್ಗರಣೆಯಿಲ್ಲ. ಅವ್ವ ಮರೆತಿರಬೇಕು ಎಂದುಕೊಂಡು, ಅಕ್ಕೋರು ಮನೆಯಲ್ಲಿಲ್ಲದ ಹೊತ್ತು ನೋಡಿ ನಾವೇ ಒಗ್ಗರಣೆ ಕೊಟ್ಟುಕೊಂಡೆವು. ಮಂಗಳವಾರ ರೊಟ್ಟಿಯ ಜೊತೆಗೆ ಹಸಿ ಬದನೆಕಾಯಿ, ಒಂದು ಉಳ್ಳಾಗಡ್ಡಿ! ಕ್ಲಾಸಿನಿಂದ ಹಸಿದು ಬಂದಿದ್ದೆವು. ಬೇನಜೀರ ಬದನೆಕಾಯಿಯ ತೊಟ್ಟು ಹಿಡಿದು ಎತ್ತಿ, "ಕರೆವ್ವಾ, ನಿಮ್ಮಜ್ಜಗ ಬುತ್ತಿ ಅಂದ್ರ ಏನಂತ ಗೊತ್ತೈತಿಲ್ಲ?" ಎಂದಳು. ಬುಧವಾರ ರೊಟ್ಟಿಯ ಜಾಗದಲ್ಲಿ ಜೋಳದ ಹಿಟ್ಟು. ಗುರುವಾರ ಮೇಲಿನ ಡಬ್ಬಿಯಲ್ಲಿ ತೊಗರಿಬೇಳೆ, ನಡುವಿನದರಲ್ಲಿ ಅಕ್ಕಿ, ಕೆಳಗಿನದರಲ್ಲಿ ಹುಣಸೆಹಣ್ಣು, ಬಳ್ಳೊಳ್ಳಿ. ಇಂಥ ಬುತ್ತಿಯನ್ನು ಖಂಡಿತ ಉಂಡಿರಲಿಲ್ಲ.

ಸಿಟ್ಟು ಬಂದು ನಿನಗೆ ಬಯ್ಯಲು ಹಾಳೆ ತೆಗೆದೆ. ಹೊಟ್ಟೆ ಹಸಿದಾಗ ಬೈಗುಳ ನೆನಪಾಗುವುದಿಲ್ಲ ಎಂದು ಗೊತ್ತಾಯಿತು. ಕೆಳಗೆ ಹೋಗಿ ಪುಷ್ಪಲತಾ ಅಕ್ಕೋರನ್ನು ಕರೆದೆ. ನೀನು ಹೇಳಿದ ಮಾತನ್ನು ಹಾಗೆಯೇ ಹೇಳಿದೆ. "ನಿಮ್ಮಜ್ಜಗ ಅಂಗಳ ಉಡಗಾಕ ಬರ್ತೈತೇನ?" ಎನ್ನುತ್ತ, ಮೂಗಿಗೆ ಸೆರಗು ಕಟ್ಟಿಕೊಂಡೇ ಬಂದು ಕುಳಿತರು. ಬೇಳೆ ಬೆಂದಿತ್ತು. ಎಣ್ಣೆಗೆ ಒಂದು ಹಿಡಿ ಬ್ಯಾಡಗಿ ಪುಡಿ ಹಾಕಿದೆ. ಬೇನಜೀರ ಕಣ್ಣು ಮುಚ್ಚಿಕೊಂಡಳು.

ಏನೂ ಆಗಲಿಲ್ಲ ಅಜ್ಜಾ! ಘಮ್ ಎಂದಿತು, ಅಷ್ಟೇ. ಅಕ್ಕೋರು ಸೆರಗು ಕೆಳಗಿಳಿಸಿದರು, ಬಾಣಲೆ ನೋಡಿದರು, ನನ್ನ ಮುಖ ನೋಡಿದರು. "ಬಣ್ಣ ಏನ ಚಂದ ಬಂದೈತವಾ. ಒಂದು ವಾಟಿ ಕೊಡು, ನೋಡೂಣು" ಎಂದರು. ಸ್ವಲ್ಪ ಹೊತ್ತಿನ ಮೇಲೆ ವಾಟಿ ವಾಪಸು ತಂದುಕೊಟ್ಟರು, ತೊಳೆದು. ಕೀಲಿಯ ಮಾತು ಮತ್ತೆ ಎತ್ತಲಿಲ್ಲ.

ಅನ್ನ, ಸಾರು, ಬದನೆಕಾಯಿ ಪಲ್ಯ ಈಗ ಬರುತ್ತವೆ. ರೊಟ್ಟಿ ಮಾತ್ರ ಬಡಿದರೆ ಹರಿಯುತ್ತದೆ. ಪಂಚಮಿಗೆ ಊರಿಗೆ ಬಂದಾಗ ಅಪ್ಪಾಜಿ ಏನು ಕೇಳಿದರೂ ಹೆದರದೆ ಹೇಳುತ್ತೇನೆ.

ಕರೆವ್ವ

*

ಬ್ಯಾಡಗಿ
೩೧ ಜುಲೈ ೨೦೨೫

ಕರೆವ್ವಾ,

ಇದರಾಗ ಹಾಸ್ಯ ಕಮ್ಮಿ ಐತಿ, ಉಂಡಿ ಹೆಚ್ಚಿಗಿ ಅದಾವು. ನಿಮ್ಮವ್ವ ಪಂಚಮಿಗೆ ಕಟ್ಟಿದ್ದು ಎಲ್ಲಾ ಹಾಕಿ ಕಳಿಸ್ಯಾಳ. ಆಕಿಗೆ ಮನಸ್ಸು ಸರಿ ಇಲ್ಲ.

ನೀ ಹಬ್ಬ ಮಾಡಿ ಬಸ್ ಹತ್ತಿದ ಮ್ಯಾಲೆ ನಿಮ್ಮಪ್ಪ ಪಡಸಾಲ್ಯಾಗ ಕುಂತ. "ಆಕಿಗೆ ಅಡಿಗಿ ಬರಂಗಿಲ್ಲ" ಅಂದ. ನಾ ಅಂದೆ, "ಯಾಕ?" "ತೊಗರಿಬ್ಯಾಳಿ ಎಷ್ಟ ಸೀಟಿಗೆ ಬೇಯ್ತೈತಿ ಅಂತ ಕೇಳಿದ್ರ, 'ಅದು ಬ್ಯಾಳಿ ಮ್ಯಾಲೆ ಐತ್ರಿ ಅಪ್ಪಾಜಿ' ಅಂದ್ಳು. ಪರೀಕ್ಷಾದಾಗ ಗೊತ್ತಿಲ್ಲದವರು ಹಿಂಗ ಬರೀತಾರ." ನಿಮ್ಮವ್ವ ಒಳಗಿಂದ, "ಖರೇನ ಬ್ಯಾಳಿ ಮ್ಯಾಲೆ ಇರ್ತೈತ್ರಿ, ಹಳೇ ಬ್ಯಾಳಿ ಲಗೂ ಬೇಯಂಗಿಲ್ಲ" ಅಂದ್ಳು. ಅಂವ ಬೀಜ ಗೊಬ್ಬರ ಮಾರೂ ಮನಶ್ಯಾ. ಚೀಲದ ಮ್ಯಾಲೆ ಇಷ್ಟ ಅಂದ್ರ ಇಷ್ಟ ಅಂತ ಬರದಿರಬೇಕು ಅಂವಗ. "ಮಗಳ ಪರ ಮಾತಾಡಬ್ಯಾಡ. ಆಕಿ ಮಾರಿ ನೋಡೀಯೇನ, ಹೆಂಗ ಇಳದೈತಿ? ಹೊಟ್ಟಿಗಿಲ್ಲದ ಓದಿ ಏನ ಮಾಡೂದೈತಿ? ಹತ್ತನೇ ತಾರೀಕು ರವಿವಾರ ಟೆಂಪೋ ಹೇಳೇನಿ. ಸಾಮಾನ ಹೇರ್ಕೊಂಡು ಬರೂದು" ಅಂತ ಎದ್ದು ಹೋದ.

ನಿನಗ ಹೇಳಬಾರದಂತ ಹೇಳ್ಯಾನ. ಅದಕ್ಕ ಬರದು ತಿಳಿಸೇನಿ, ಹೇಳಿಲ್ಲ.

ನಾ ಭಾಳ ಮಂದಿನ್ನ ಮಂಗ್ಯಾ ಮಾಡೇನಿ. ಮಗನ್ನ ಮಾಡಾಕ ಈ ಸಲ ಏನೂ ಹೊಳಿವಲ್ದು. ಮಗಾ ಕೆಟ್ಟವ ಅಲ್ಲ. ಹೆದರ್ಯಾನ, ಅಷ್ಟ. ಹೆದರಿದವರಿಗೆ ತಮಾಷಿ ತಿಳಿಯಂಗಿಲ್ಲ.

ಉಂಡಿ ಬೇನಜೀರಿಗೂ ಕೊಡು.

ಅಜ್ಜ

*

ಹಾವೇರಿ
೬ ಆಗಸ್ಟ್ ೨೦೨೫

ಅಜ್ಜನಿಗೆ ನಮಸ್ಕಾರ.

ನಿನ್ನ ಪತ್ರಕ್ಕೆ ಉತ್ತರ ಬರೆಯಲಾಗಲಿಲ್ಲ. ಉಂಡಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಭಾನುವಾರ ಬೇನಜೀರ ತನ್ನ ತಂದೆಗೆ ಫೋನು ಹಚ್ಚಿ, ಊಟ ಆಯಿತೇ ಎಂದಷ್ಟೇ ಕೇಳಿ ಇಟ್ಟುಬಿಟ್ಟಳು. ಸೋಮವಾರ ಸಂಜೆ ಗೂಡಿನಿಂದ ಒಂದೊಂದೇ ಭಾಂಡೆ ಇಳಿಸಿ ಅದೇ ಗೋಣಿಚೀಲಕ್ಕೆ ತುಂಬತೊಡಗಿದೆ.

ನಿನ್ನೆ ಬೆಳಿಗ್ಗೆ ಬಸ್ ಮುಷ್ಕರವಾಯಿತಲ್ಲ. ಮಳೆಯೂ ಹಿಡಿದಿತ್ತು. ಬಸ್ ನಿಲ್ದಾಣದಲ್ಲಿ ದಿನಾ ನಮ್ಮ ಹಾಗೆ ಬುತ್ತಿಗೆ ಕಾಯುವ ಹುಡುಗ ಹುಡುಗಿಯರು ಎಷ್ಟೊಂದು ಜನ ಎಂದು ನಿನಗೆ ಹೇಳಿದರೆ ನಂಬುವುದಿಲ್ಲ. ಒಬ್ಬರ ಚೀಲವೂ ಬರಲಿಲ್ಲ. ಊರಿಗೆ ಹೋಗಲಾಗದೆ ನಿಂತ ಪ್ರಯಾಣಿಕರೇ ಖಾನಾವಳಿಗಳನ್ನು ತುಂಬಿಕೊಂಡಿದ್ದರು, ಬೇಗನೆ ಎಲ್ಲ ಕಡೆ ರೊಟ್ಟಿ ಮುಗಿಯಿತು. ಮಧ್ಯಾಹ್ನ ಬೇರೆ ಇಂಟರ್ನಲ್ ಪರೀಕ್ಷೆ ಇತ್ತು.

ನಮ್ಮ ಪಕ್ಕದ ರೂಮಿನ ಹುಡುಗಿ ಬಾಗಿಲಲ್ಲಿ ನಿಂತು, "ಕರೆವ್ವಕ್ಕಾ, ನಿಮ್ಮಲ್ಲಿ ಒಂದು ತುತ್ತು ಅನ್ನ ಐತೇನ?" ಎಂದಳು. ಕುಕ್ಕರ್ ಇಡಲು ಹೋದೆ. ಅವಳ ಹಿಂದೆ ಇನ್ನಿಬ್ಬರಿದ್ದರು. ಅವರ ಹಿಂದೆ ಅಯಾಜ್ ಎನ್ನುವ ನಮ್ಮ ತರಗತಿಯ ಹುಡುಗ, "ನಾವು ಕೆಳಗ ನಿಂದರ್ತೇವಿ, ಉಳದ್ರ ಕರೀರಿ" ಎಂದ. ಮೆಟ್ಟಿಲಿಂದ ಬಗ್ಗಿ ನೋಡಿದೆ. ಓಣಿ ತುಂಬ ಕೊಡೆಗಳು.

ಬೇನಜೀರ ನನ್ನ ಮುಖ ನೋಡಿದಳು. "ಲೇ, ಚೀಲ ಬಿಚ್ಚು" ಎಂದಳು.

ಕಟ್ಟಿದ ಭಾಂಡೆಗಳನ್ನೆಲ್ಲ ಹೊರಗೆ ತೆಗೆದೆವು. ಸಾಲಲಿಲ್ಲ. ಪುಷ್ಪಲತಾ ಅಕ್ಕೋರು ಗದ್ದಲ ಕೇಳಿ ಬಂದರು. ಬೈಯುತ್ತಾರೆ ಎಂದುಕೊಂಡೆ. "ಈ ಗಿಂಡ್ಯಾಗ ಎಷ್ಟ ಮಂದಿಗೆ ಮಾಡ್ತೀರವಾ?" ಎಂದವರೇ ಕೆಳಗೆ ಹೋಗಿ ಮದುವೆ ಮನೆಯ ಬೋಗಾಣಿಯೊಂದನ್ನು ಹೊರಳಿಸಿಕೊಂಡು ಬಂದರು. ಅಯಾಜ್ ಅಕ್ಕಿ ಬೇಳೆ ಹೊತ್ತು ತಂದ. ಎದುರುಮನೆಯ ರಸೂಲಬಿ ಅಮ್ಮ ಉಳ್ಳಾಗಡ್ಡಿ ಹೆಚ್ಚಲು ಕುಳಿತರು, "ಇವತ್ತರ ಖಾರ ನೋಡಿ ಹಾಕವಾ" ಎನ್ನುತ್ತ.

ನೋಡಿಯೇ ಹಾಕಿದೆ ಅಜ್ಜಾ. ಬಣ್ಣಕ್ಕೆ ನಮ್ಮೂರ ಪುಡಿ ಹಿಡಿ ಹಿಡಿ, ಖಾರಕ್ಕೆ ಗುತ್ತಲದ್ದು ಚಿಟಿಕೆ. ಯಾರೂ ಹೇಳಿಕೊಟ್ಟದ್ದಲ್ಲ, ಕೈಯೇ ಹೋಯಿತು. ಸಾರು ಕುದಿಯುವಾಗ ಮೆಟ್ಟಿಲ ಮೇಲಿದ್ದವರೆಲ್ಲ ಬಾಗಿಲ ಕಡೆ ಮೂಗು ತಿರುಗಿಸಿದರು.

ತಾಟು ಎಲ್ಲಿಂದ ತರುವುದು? ಆಗ ಅಯಾಜ್‌ಗೆ ಹೊಳೆಯಿತು. ಹಿಂದಿನ ಸಂಜೆಯೇ ಬಸ್ಸು ಕಡಿಮೆಯಾಗಿ ಯಾರ ಖಾಲಿ ಡಬ್ಬಿಯೂ ಊರಿಗೆ ಹೋಗಿರಲಿಲ್ಲ. ಎಲ್ಲರೂ ಓಡಿ ಹೋಗಿ ತಮ್ಮ ತಮ್ಮ ಡಬ್ಬಿ ತಂದು ಪಾಳಿ ಹಚ್ಚಿದರು. ಅಕ್ಕೋರು ಸೌಟು ಹಿಡಿದು ಬಾಗಿಲಲ್ಲಿ ನಿಂತರು.

ನಾನು ಒಲೆಯ ಹತ್ತಿರವಿದ್ದೆ. ಹೊರಗೆ ಅಕ್ಕೋರ ದನಿ ಕೇಳಿಸಿತು.

"ಅಣ್ಣಾರ, ಹಂಗ ನುಗ್ಗಬ್ಯಾಡ್ರಿ. ಪಾಳಿಗೆ ನಿಂದ್ರಿ."

"ಅಲ್ರಿ, ನಾ ಕರೆವ್ವನ ಅಪ್ಪ. ಇದೇನ ಮಂದಿ? ಆಕಿಗೆ ಏನಾಗೈತಿ?"

"ಯಾರರ ಆಗ್ರಿ, ಪಾಳಿ ಅಂದ್ರ ಪಾಳಿನ. ಡಬ್ಬಿ ತಂದೀರಿಲ್ಲೋ?"

"ತಂದೇನ್ರಿ…"

ಇಣುಕಿ ನೋಡಿದೆ. ಅಪ್ಪಾಜಿ! ಬೈಕಿನ ಮೇಲೆ ಬ್ಯಾಡಗಿಯಿಂದ ಮಳೆಯಲ್ಲಿ ಬಂದಿದ್ದರು. ರೇನ್‌ಕೋಟಿನೊಳಗೆ ಮಗುವನ್ನು ಹಿಡಿದ ಹಾಗೆ ಬುತ್ತಿಯ ಡಬ್ಬಿ ಹಿಡಿದಿದ್ದರು. ಅಕ್ಕೋರು ಅದನ್ನು ಕಸಿದು ಮುಚ್ಚಳ ತೆಗೆದು, "ಇದು ತುಂಬೈತಲ್ರಿ!" ಎಂದರು. ಅಪ್ಪಾಜಿ ಏನೋ ಹೇಳುವುದರೊಳಗೆ ರೊಟ್ಟಿಗಳು ಹಿಂದಿನ ಹುಡುಗರ ಕೈ ಸೇರಿದ್ದವು. ಖಾಲಿಯಾದ ಡಬ್ಬಿಗೆ ಅಕ್ಕೋರು ಅನ್ನ ಹಾಕಿ, ಸಾರು ಸುರಿದು, "ಮುಂದ ನಡೀರಿ" ಎಂದರು.

ಅಪ್ಪಾಜಿ ಮೆಟ್ಟಿಲ ಮೇಲೆಯೇ ಕುಳಿತು ಉಂಡರು. ನಾನು ಸೌಟು ಹಿಡಿದು ಹತ್ತಿರ ಹೋದೆ.

"ಅಪ್ಪಾಜಿ, ಖಾರ ಹೆಚ್ಚಾತೇನ್ರಿ?"

"ಸುಮ್ಮ ಹಾಕು."

ಹಾಕಿದೆ. ಉಂಡರು. ಮತ್ತೆ ಡಬ್ಬಿ ಮುಂದೆ ಮಾಡಿದರು. ಪಕ್ಕದಲ್ಲಿ ಕುಳಿತಿದ್ದ ಅಯಾಜ್, "ಸರಾ, ನೀವು ಯಾವ ಡಿಪಾರ್ಟ್‌ಮೆಂಟ್ ರೀ?" ಎಂದು ಕೇಳಿದ. ಅಪ್ಪಾಜಿ ತಲೆ ಎತ್ತದೆ, "ಗೊಬ್ಬರ" ಎಂದರು. ಎಷ್ಟೋ ದಿನದ ಮೇಲೆ ನನಗೆ ಅಷ್ಟು ನಗು ಬಂತು.

ಆಮೇಲೆ ಒಳಗೆ ಬಂದು ಅಡುಗೆಯ ಕಟ್ಟೆ ನೋಡಿದರು, ಗೂಡು ನೋಡಿದರು, ನೆಲದ ಮೇಲೆ ಅರ್ಧ ಬಿಚ್ಚಿದ ಗೋಣಿಚೀಲ ನೋಡಿದರು. ಟೆಂಪೋ ಮಾತನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಡಬ್ಬಿಯನ್ನು ತಾವೇ ನಲ್ಲಿಗೆ ಹಿಡಿದು ತೊಳೆದುಕೊಂಡರು. "ಪರೀಕ್ಷಾ ಐತಂತಲ್ಲ. ನಡಿ, ತಡಾ ಆಗ್ತೈತಿ" ಎಂದು ಹೋದರು.

ಎಲ್ಲರೂ ಉಂಡು ಪರೀಕ್ಷೆಗೆ ಹೋದೆವು. ಮುಗಿಸಿ ಬಂದು, ತಳದಲ್ಲಿ ಉಳಿದದ್ದನ್ನು ನಾನೂ ಬೇನಜೀರಳೂ ಬೋಗಾಣಿಯಲ್ಲೇ ಉಂಡೆವು. ರವಿವಾರ ಟೆಂಪೋ ಬಂದರೂ ಬರಲಿ ಅಜ್ಜಾ. ನಮ್ಮ ಒಲೆ ಹತ್ತಿತ್ತು, ಅದನ್ನು ಓಣಿಯೆಲ್ಲ ನೋಡಿದೆ.

ಕರೆವ್ವ

*

ಬ್ಯಾಡಗಿ
೮ ಆಗಸ್ಟ್ ೨೦೨೫

ಚಿರಂಜೀವಿ ಕರೆವ್ವಗ, ಬೇನಜೀರಗ,

ನಾ ಸೋತೇನಿ. ನಿಮಗಲ್ಲ, ನಿಮ್ಮಪ್ಪಗ.

ಮಂಗಳವಾರ ಮುಂಜಾನೆ ಬಸ್ ಇಲ್ಲಂತ ನಾನೂ ನಿಮ್ಮವ್ವನೂ ಮಾರಿ ಮಾರಿ ನೋಡ್ಕೊಂಡು ನಿಂತಿದ್ವಿ. ನಿಮ್ಮಪ್ಪ ರೇನ್‌ಕೋಟ್ ಹಾಕ್ಕೊಂಡು ಅಡಿಗಿಮನಿ ಬಾಗಲಕ್ಕ ಬಂದ. "ಅಪ್ಪಾ, ಇವತ್ತ ನಿಮ್ಮ ಚೀಲ ಹೋಗಂಗಿಲ್ಲಲ್ಲ, ಇತ್ತ ಕೊಡ್ರಿ" ಅಂದ. ನನ್ನ ಕಿವಿ ಮಷೀನು ಕೆಟ್ಟೈತಂತ ಮಾಡಿದೆ. "ಯಾವ ಚೀಲ?" ಅಂದೆ. ಅಂವ ಅಂದ, "ಬಸ್ ಸ್ಟ್ಯಾಂಡಿನ ಎದುರಿಗೆ ಅಂಗಡಿ ಇಟ್ಟಾಂವ ನಾನು. ದಿನಾ ಕೋಲು ಊರ್ಕೊಂಡು, ಹೆಗಲ ಮ್ಯಾಲೆ ಟವೆಲ್ ಹೊದ್ದು ಚೀಲ ಮುಚ್ಚಿ, ಕಳ್ಳನಂಗ ಅತ್ತಾಗ ಇತ್ತಾಗ ನೋಡ್ಕೊಂತ ಬಸ್ಸಿಗೆ ಹೊಂಟಿರ್ತೀರಿ. ಬೀಜ ತಗೊಳಾಕ ಬಂದ ರೈತರೆಲ್ಲಾ ನೋಡಿ ನಗ್ತಾರ."

ಅಂದ್ರ ಮೊದಲ ದಿನದಿಂದ ಅಂವಗ ಗೊತ್ತಿತ್ತು! ಆದ್ರೂ ಒಂದ ದಿನಾ ತಡೀಲಿಲ್ಲ. ಇಷ್ಟ ವರ್ಷ ಊರಿಗೆ ಟೋಪಿ ಹಾಕಿದವ್ನಿಗೆ ಮಗಾ ಟೋಪಿ ಹಾಕಿ, ಅದನ್ನ ಇಸ್ತ್ರಿ ಮಾಡಿ ಇಟ್ಟಿದ್ದ. ನಾ ಸತ್ರ ಈ ಮನ್ಯಾಗ ತುಂಟತನ ಮುಗೀತೈತಂತ ಮಾಡಿದ್ದೆ. ಇನ್ನ ಚಿಂತಿ ಇಲ್ಲ.

ಸಂಜಿ ತೊಯ್ಸ್ಕೊಂಡು ತಿರುಗಿ ಬಂದ. ಊಟಕ್ಕ ಕುಂತ. ನಿಮ್ಮವ್ವ ಅನ್ನ ಸಾರು ಬಡಿಸಿದ್ಳು. ಒಂದು ತುತ್ತು ಉಂಡ, ಇನ್ನೊಂದು ಉಂಡ, ತಾಟ ನೋಡ್ಕೊಂತ ಕುಂತ. ಆಮ್ಯಾಲೆ ಮೆಲ್ಲಕ ಅಂದ, "ಬಣ್ಣ ಐತಿ. ಆದ್ರ ಖಾರ ಇಲ್ಲ. ಹಾವೇರ್ಯಾಗ ಎರಡೂ ಇತ್ತು."

ನಾ ಉಸರ ಹಿಡದೆ. ಸಂಸಾರ ಮಾಡಿದ ಯಾವ ಗಂಡಸೂ ಇಂಥಾ ಮಾತು ಆಡಿ ಎರಡನೇ ಸಲ ಸಾರು ಹಾಕಿಸ್ಕೊಂಡಿದ್ದು ನಾ ನೋಡಿಲ್ಲ. ನಿಮ್ಮವ್ವ ಸೌಟು ಕೆಳಗಿಟ್ಳು. "ಯಾವ ಹಾವೇರ್ಯಾಗ್ರಿ?" ಅಂದ್ಳು. ಆಗ ಅಂವ ಎಲ್ಲಾ ಹೇಳಿದ. ಕೊಡಿ, ಪಾಳಿ, ಆ ಬಾಯಾರು ಡಬ್ಬಿ ಕಸಗೊಂಡಿದ್ದು, ರೊಟ್ಟಿ ಮಾಯ ಆಗಿದ್ದು. ಹೇಳ್ಕೊಂತ ಹೇಳ್ಕೊಂತ ಅಂವನ ನಕ್ಕ. ನಿಮ್ಮವ್ವ ನಕ್ಕಳೋ ಅತ್ತಳೋ ತಿಳೀಲಿಲ್ಲ, ಸೆರಗು ಬಾಯಿಗೆ ಹಿಡದಿದ್ಳು.

"ಹಂಗಾರ ಟೆಂಪೋದವಗ ಬ್ಯಾಡ ಅಂತ ಹೇಳಿಬಿಡು" ಅಂದೆ ನಾನು.

"ಹೇಳಿದ ಟೆಂಪೋ ಯಾಕ ಬಿಡೂದು?" ಅಂದ. "ರವಿವಾರ ಹೋಗ್ತೈತಿ. ಇಲ್ಲಿಂದ ತುಂಬ್ಕೊಂಡು ಹೋಗ್ತೈತಿ, ಅಲ್ಲಿಂದ ಖಾಲಿ ಬರ್ತೈತಿ."

ಈಗ ಪಡಸಾಲ್ಯಾಗ ಕಾಲಿಡಾಕ ಜಾಗಾ ಇಲ್ಲ. ಜೋಳ ಐತಿ, ಅಕ್ಕಿ ಐತಿ, ಅಂಗಡ್ಯಾಗಿನ ಕಟ್ಟಿಗಿ ರ್‍ಯಾಕ್ ಬಿಚ್ಚಿ ತಂದು ತೊಳಸ್ಯಾನ, "ಗೂಡು ಸಣ್ಣದೈತಿ ಆಕಿದು" ಅಂತ. ರಾಣೆಬೆನ್ನೂರಿಗೆ ತಾನ ಹೋಗಿ ಇಷ್ಟ ದೊಡ್ಡ ಬೋಗಾಣಿ ತಂದಾನ. ಅದರ ಮ್ಯಾಲೆ ಹೆಸರು ಕೊರಸ್ಯಾನ. ಒಂದಲ್ಲ, ಎರಡು ಹೆಸರು: ಕರೆವ್ವ, ಬೇನಜೀರ. ಜೀರಿಗಿ ಅಂತ ಹಾಕ್ಸು ಅಂತ ನಾ ಬಡ್ಕೊಂಡೆ, ಕೇಳಲಿಲ್ಲ.

ನಾ ಡ್ರೈವರ್ ಬಾಜೂಕ ಕುಂತು ಬರ್ತೀನಿ. ನಿಮ್ಮವ್ವಗ ನಿನ್ನೆ ಕೇಳಿದೆ, "ಆಕಿ ರೂಮಿಗೆ ಏನೇನು ಅಡಿಗಿ ಮಾಡ್ಕೊಂಡು ಒಯ್ಯೂಣವಾ?" ಆಕಿ ಪಡಸಾಲಿ ಮೆಟ್ಟಲ ಮ್ಯಾಲೆ ಕುಂತು ಕಾಲು ಚಾಚಿದ್ಳು. ಆಕಿ ಹಂಗ ಕುಂತಿದ್ದು ನಾ ಯಾವಾಗ ನೋಡೇನಿ ನೆನಪಿಲ್ಲ.

"ಏನೂ ಮಾಡಂಗಿಲ್ರಿ ಮಾವಾರ. ರವಿವಾರ ಈ ಮನಿ ಒಲಿ ಹಚ್ಚಂಗಿಲ್ಲ. ನಾನೂ ಟೆಂಪೋದಾಗ ಬರ್ತೀನಿ. ನನ್ನ ಮುಂದ ಯಾರರ ತಾಟ ಇಟ್ಟು, ಉಣ್ಣವಾ ಅಂತ ಬಡಿಸಿ ಎಷ್ಟ ವರ್ಷ ಆತೋ."

ಕರೆವ್ವಾ, ಆಕಿಗೆ ಮೊದಲ ಬಡಿಸು. ನನ್ನ, ನಿಮ್ಮಪ್ಪನ್ನ ಪಾಳಿಗೆ ನಿಂದರಸು.

ಅಜ್ಜ